ಸ್ಪೋರ್ಟ್ಸ್ ಕಾರಿನ ಆವೃತ್ತಿಗಳು ಮತ್ತು ಸಸ್ಪೆನ್ಷನ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರೂ, ಕೊಂಡ ಮೇಲೆ ಅದರ ಅಡಿಯ ಸಸ್ಪೆನ್ಷನ್‌ಗೆ (ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಸ್ಪ್ರಿಂಗ್, ಶಾಕ್, ತೋಳುಗಳಿಗೆ) ಕೈ ಹಾಕಲು ಹೊರಟವರೂ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದ್ದು ಮೊದಲು, ಲೆಕ್ಕ ಬೇಕಾದದ್ದು ಆಮೇಲೆ. ನನಗೊಂದು ಒಲವಿದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಾರನ್ನು ತಗ್ಗಿಸಲು, ಗಡುಸು ಮಾಡಲು ಸುರಿಯುವ ಹಣಕ್ಕಿಂತ ಟೈರು, ಶಾಕ್ (ಶಾಕ್ ಅಬ್ಸಾರ್ಬರ್), ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್‌ಗೆ ಹಾಕಿದ ಹಣ ಹೆಚ್ಚು ಕೆಲಸ ಮಾಡುತ್ತದೆ.

## ಮೊದಲು ತಿಳಿಯಬೇಕಾದದ್ದು

ಒಂದೇ ಕಾರಿಗೆ ಐದಾರು ಆವೃತ್ತಿ ಯಾಕೆ? ಎಂಜಿನ್ ಶಕ್ತಿ ಬಿಟ್ಟರೆ ಬೇರೆ ಏನು ವ್ಯತ್ಯಾಸ ಇರುತ್ತೆ?

ಎಂಜಿನ್ ಶಕ್ತಿ ಕಣ್ಣಿಗೆ ಬೇಗ ಬೀಳುವ ಅಂಕಿ, ಹಾಗಾಗಿ ಎಲ್ಲರೂ ಅದನ್ನೇ ಓದುತ್ತಾರೆ. ಪೋರ್ಷೆ 718 ಕೇಮನ್ ಸಾಲನ್ನು ನೋಡಿ. ಮೂಲ ಆವೃತ್ತಿಗೆ 300 ಅಶ್ವಶಕ್ತಿ, ಎಸ್‌ಗೆ 350, ಜಿಟಿಎಸ್ 4.0ಗೆ 400, ಜಿಟಿ4ಗೆ 420, ಜಿಟಿ4 ಆರ್‌ಎಸ್‌ಗೆ 500. ಕಾಗದದ ಮೇಲೆ ಜಿಟಿಎಸ್‌ಗೂ ಜಿಟಿ4ಗೂ ಇರುವ ಅಂತರ ಬರೀ 20. ಅಡಿಗೆ ಬಗ್ಗಿ ನೋಡಿದರೆ ಕಥೆಯೇ ಬೇರೆ. ಜಿಟಿ4ರ ಮುಂದಿನ ಆಕ್ಸಲ್ ಬಹುಪಾಲು ಆಗಿನ ಪೋರ್ಷೆ 911 ಜಿಟಿ3ಯಿಂದ ಬಂದದ್ದು, ಕಾರು ಮೂಲ ಆವೃತ್ತಿಗಿಂತ 30 ಮಿ.ಮೀ. ತಗ್ಗು, ಹಿಂದೆ ಗಾಳಿಯ ಬಲದಿಂದ ಕಾರನ್ನು ನೆಲಕ್ಕೊತ್ತುವ ಸ್ಥಿರ ರೆಕ್ಕೆ, ಬ್ರೇಕುಗಳೂ ದೊಡ್ಡವು. ಆ 20 ಅಶ್ವಶಕ್ತಿಗಾಗಿ ಯಾರೂ ಜಿಟಿ4 ಕೊಳ್ಳುವುದಿಲ್ಲ, ಕೊಳ್ಳಲೂಬಾರದು.

ಆವೃತ್ತಿಗಳನ್ನು ಹೋಲಿಸುವಾಗ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು ಟೈರು ಯಾವುದು, ಎಷ್ಟು ಅಗಲ. ಆಮೇಲೆ ಬ್ರೇಕು, ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ), ಶಾಕ್, ಎಂಜಿನ್ ಮತ್ತು ಗೇರ್‌ಬಾಕ್ಸ್ ಆಯಿಲ್ ತಣ್ಣಗಿಡುವ ಏರ್ಪಾಡು. ಅಶ್ವಶಕ್ತಿ ಕೊನೆಗಿರಲಿ.

ಸ್ಪ್ರಿಂಗ್ ಇದ್ದ ಮೇಲೆ ಶಾಕ್ ಯಾಕೆ? ಎರಡೂ ಒಂದೇ ಕೆಲಸ ಅಲ್ವಾ?

ಅಲ್ಲ. ಸ್ಪ್ರಿಂಗ್ ಭಾರ ಹೊರುತ್ತದೆ, ಚಕ್ರ ಎಷ್ಟು ದೂರ ಸರಿಯಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಅದು ಎಷ್ಟು ಬೇಗ ಸರಿಯಬೇಕು ಎಂಬುದು ಶಾಕ್‌ನ ಕೈಯಲ್ಲಿದೆ. ಶಾಕ್ ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕಿಂಡಿಗಳಲ್ಲಿ ತಳ್ಳುವಾಗ ಚಲನೆಯ ಶಕ್ತಿ ಬಿಸಿಯಾಗಿ ಕರಗುತ್ತದೆ. ಶಾಕ್ ಸತ್ತ ಕಾರು ಒಂದು ಹಂಪ್ ದಾಟಿದ ಮೇಲೂ ತೂಗುತ್ತಲೇ ಇರುವುದು ಇದಕ್ಕೇ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದು ಹಿಂದಿರುಗುವ ಬಿರುಸೂ ಹೆಚ್ಚುತ್ತದೆ, ಅದನ್ನು ತಡೆಯಲು ಶಾಕ್‌ಗೂ ಅಷ್ಟೇ ಬಲ ಬೇಕು. ಈ ಜೋಡಿಯನ್ನು ಮುರಿದಲ್ಲೇ ಮುಕ್ಕಾಲು ತೊಂದರೆಗಳು ಶುರುವಾಗುತ್ತವೆ.

ಸಸ್ಪೆನ್ಷನ್ ಗಟ್ಟಿಯಾದಷ್ಟೂ ಹಿಡಿತ ಜಾಸ್ತಿ ಅಂತಾರೆ. ನಿಜಾನಾ?

ಅರ್ಧ ನಿಜ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುವ ಒಟ್ಟು ತೂಕಕ್ಕೂ ಸ್ಪ್ರಿಂಗ್ ಗಡಸುತನಕ್ಕೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಂತರ, ತಿರುವಿನ ಬಿರುಸು, ಈ ನಾಲ್ಕೇ ಅದನ್ನು ತೀರ್ಮಾನಿಸುತ್ತವೆ. 1300 ಕೆ.ಜಿ. ಕಾರು, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿ, ಚಕ್ರಗಳ ಅಂತರ ಒಂದೂವರೆ ಮೀಟರ್ ಎಂದುಕೊಳ್ಳಿ. ಒಂದು ಜಿ (ಭೂಮಿಯ ಗುರುತ್ವದಷ್ಟು) ಬಿರುಸಿನಲ್ಲಿ ತಿರುಗಿದರೆ ಸುಮಾರು 433 ಕೆ.ಜಿ. ಹೊರಗಿನ ಚಕ್ರಗಳ ಮೇಲೆ ಹೋಗಿ ಕೂರುತ್ತದೆ. ಸ್ಪ್ರಿಂಗ್ ಮೆತ್ತಗಿರಲಿ, ಕಲ್ಲಿನಂತಿರಲಿ, ಅದು 433ರ ಆಸುಪಾಸೇ.

ಹಾಗಾದರೆ ಗಟ್ಟಿ ಸ್ಪ್ರಿಂಗಿನಿಂದ ಏನು ಲಾಭ? ಕಾರು ಕಡಿಮೆ ವಾಲುತ್ತದೆ, ಹಾಗಾಗಿ ಟೈರಿನ ಅಗಲ ನೆಲಕ್ಕೆ ಸರಿಯಾಗಿ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ಸ್ಪಂದಿಸುತ್ತದೆ. ಗಾಳಿಯ ಒತ್ತಡದಿಂದ ನೆಲಕ್ಕೊತ್ತುವ ಕಾರುಗಳಲ್ಲಿ ಎತ್ತರ ಬದಲಾಗದೆ ಉಳಿಯುತ್ತದೆ. ಇವೆಲ್ಲ ನುಣ್ಣನೆ ಟ್ರ್ಯಾಕಿನ ಲಾಭಗಳು. ಉಬ್ಬುತಗ್ಗಿನ ರಸ್ತೆಯಲ್ಲಿ ಗಟ್ಟಿ ಕಾರಿನ ಚಕ್ರ ಕುಣಿಯುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವೆಲ್ಲಿಂದ ಬರಬೇಕು? ಲೋಟಸ್ ಎಂಜಿನಿಯರುಗಳು ಮೆತ್ತನೆ ಸ್ಪ್ರಿಂಗಿಗೆ ನುರಿತ ಶಾಕ್ ಜೋಡಿಸಿ ದಶಕಗಳಿಂದ ಹೆಸರು ಗಳಿಸಿದ್ದು ಸುಮ್ಮನೆ ಅಲ್ಲ.

ಮೊದಲ ಸಲ ಟ್ರ್ಯಾಕಿಗೆ ಹೋಗ್ತಾ ಇದ್ದೀನಿ ಸರ್. ಅದಕ್ಕೂ ಮುಂಚೆ ಸಸ್ಪೆನ್ಷನ್‌ಗೆ ಏನು ಮಾಡಿಸಲಿ?

ಏನೂ ಬೇಡ. ಬೋಲ್ಟ್, ಬುಷ್ (ಕೀಲಿನೊಳಗಿನ ರಬ್ಬರ್ ತುಂಡು), ಬಾಲ್ ಜಾಯಿಂಟ್ (ಗುಂಡಿನ ಕೀಲು) ಸಡಿಲವಿಲ್ಲವೇ, ಶಾಕ್ ಸೋರುತ್ತಿಲ್ಲವೇ ಎಂದು ನೋಡಿಸಿ, ಅಷ್ಟು ಸಾಕು.

ಹಣ ಹೋಗಬೇಕಾದದ್ದು ಬ್ರೇಕಿಗೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರಿನಂಶ ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಹಾಕಿಕೊಂಡು ಟ್ರ್ಯಾಕಿಗಿಳಿದರೆ ಕೆಲವೇ ಸುತ್ತಿನಲ್ಲಿ ಅದು ಕುದ್ದು, ಪೆಡಲ್ ಸದ್ದಿಲ್ಲದೆ ನೆಲ ಮುಟ್ಟುತ್ತದೆ. ಬಿಸಿ ತಡೆಯುವ ಪ್ಯಾಡ್ ಜೊತೆಗೆ ಹೊಸ ಆಯಿಲ್ ಹಾಕಿಸಿ. ಡಾಟ್ 5 ಸಿಲಿಕೋನ್ ಮೂಲದ್ದು, ಹೆಸರು ಹತ್ತಿರವಿದೆಯೆಂದು ಅದನ್ನು ಇವುಗಳ ಜೊತೆ ಬೆರೆಸಬೇಡಿ.

ಟೈರಿನ ಗಾಳಿ ಇನ್ನೊಂದು ವಿಷಯ. ಬಿಸಿ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಟೈರು 25ರಿಂದ 75 ಡಿಗ್ರಿಗೆ ಹೋದರೆ ಏಳೆಂಟು ಪಿಎಸ್‌ಐ ಹೆಚ್ಚಾದ ಹಾಗೆ. ಆದ್ದರಿಂದ ತಣ್ಣಗಿದ್ದಾಗ ಅಳೆದು ಸುಮ್ಮನಾಗದೆ, ಟ್ರ್ಯಾಕಿನಿಂದ ಬಂದು ನಿಲ್ಲಿಸಿದ ಕೂಡಲೇ ಅಳೆದು ಗಾಳಿ ಬಿಡಿ. ವಾಪಸ್ ರಸ್ತೆಗಿಳಿಯುವ ಮುಂಚೆ, ಟೈರು ಆರಿದ ಮೇಲೆ, ಬಿಟ್ಟ ಗಾಳಿ ತುಂಬಿಸುವುದನ್ನು ಮರೆಯಬೇಡಿ.

## ಯಾವ ಆವೃತ್ತಿ?

ಟೊಯೋಟಾ ಜಿಆರ್86, ಸುಬಾರು ಬಿಆರ್‌ಝಡ್ ಎರಡೂ ಒಂದೇ ಕಾರು, ಬ್ಯಾಡ್ಜ್ ಅಷ್ಟೇ ಬೇರೆ ಅಂತಾರಲ್ಲ?

ಎಂಜಿನ್ ಒಂದೇ, 2.4 ಲೀಟರಿನ ನಾಲ್ಕು ಸಿಲಿಂಡರ್ ಬಾಕ್ಸರ್ (ಸಿಲಿಂಡರುಗಳು ಎರಡು ಬದಿಗೆ ಮಲಗಿರುವಂಥದ್ದು). ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೇ ಚಕ್ರ ಹಿಡಿಯುವ ಕಂಬವೂ ಆದದ್ದು, ಕೆಳಗೆ ಮಾತ್ರ ತೋಳು), ಹಿಂದೆ ಮೇಲೊಂದು ಕೆಳಗೊಂದು ತೋಳಿನ ಡಬಲ್ ವಿಷ್‌ಬೋನ್, ಅದೂ ಒಂದೇ. ಆದರೆ ಸುಬಾರು ಮುಂದಿನ ಸ್ಪ್ರಿಂಗನ್ನು ಸ್ವಲ್ಪ ಗಟ್ಟಿ, ಹಿಂದಿನದನ್ನು ಸ್ವಲ್ಪ ಮೆತ್ತಗೆ ಇಟ್ಟಿದೆ. ಟೊಯೋಟಾ ಇದಕ್ಕೆ ತಿರುಗುಮುರುಗು. ಪರಿಣಾಮವಾಗಿ ಬಿಆರ್‌ಝಡ್ ತಿರುವಿನಲ್ಲಿ ನೆಟ್ಟಗೆ ಕೂರುತ್ತದೆ, ಜಿಆರ್86 ಹಿಂಬದಿ ಬೇಗ ಹೊರಳುತ್ತದೆ. ಒದ್ದೆ ರಸ್ತೆಯಲ್ಲಿ ಹೆಚ್ಚು ಓಡಿಸುವವರಿಗೆ ಮೊದಲನೆಯದು, ಹಿಂಬದಿ ಆಡಿಸುವುದರಲ್ಲೇ ಖುಷಿ ಕಾಣುವವರಿಗೆ ಎರಡನೆಯದು. ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಇವುಗಳ ಸಣ್ಣ ಹೊಂದಾಣಿಕೆಯಿಂದ ಕಾರಿನ ಸ್ವಭಾವ ಎಷ್ಟು ಬದಲಾಗುತ್ತದೆ ಎಂದು ಕಲಿಯಲು ಈ ಅವಳಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಆಲ್ಪೀನ್ ಎ110 ಮತ್ತು ಎ110 ಎಸ್, ಎರಡರಲ್ಲಿ ಯಾವುದು? ಎಸ್ ಅಂದ್ರೆ ಮೇಲಿನದ್ದು ತಾನೆ?

ಬೆಲೆಯಲ್ಲಿ ಮೇಲಿನದ್ದು. 2017ರಲ್ಲಿ ಬಂದ ಎ110 ಸುಮಾರು 1100 ಕೆ.ಜಿ. ತೂಗುವ, ನಾಲ್ಕೂ ಕಡೆ ಡಬಲ್ ವಿಷ್‌ಬೋನ್ ಇರುವ, ಮೆತ್ತನೆ ಸ್ಪ್ರಿಂಗಿನ ಕಾರು. ಎರಡು ವರ್ಷ ಬಿಟ್ಟು ಬಂದ ಎಸ್‌ನಲ್ಲಿ ಶಕ್ತಿ 252ರಿಂದ 292ಕ್ಕೆ ಏರಿತು, ಸ್ಪ್ರಿಂಗ್ ಶೇ. 50ರಷ್ಟು ಗಟ್ಟಿಯಾಯಿತು, ಆಂಟಿ-ರೋಲ್ ಬಾರ್ ಎರಡು ಪಟ್ಟು ಗಡುಸಾಯಿತು. ಎತ್ತರ ಇಳಿದದ್ದು ಮಾತ್ರ ಬರೀ 4 ಮಿ.ಮೀ.! ಕಾರು ತಗ್ಗಿಸುವ ಹುಚ್ಚಿನವರು ಈ ಅಂಕಿಯನ್ನೊಮ್ಮೆ ನಿಧಾನವಾಗಿ ಓದಬೇಕು.

ತಿರುವುಗಳ ಘಟ್ಟದ ರಸ್ತೆಗೆ ನಾನು ಮೂಲ ಆವೃತ್ತಿಯನ್ನೇ ಆರಿಸುತ್ತೇನೆ. ಅದು ವಾಲುತ್ತದೆ, ಆ ವಾಲುವಿಕೆಯಿಂದಲೇ ಹಿಡಿತ ಇನ್ನೆಷ್ಟು ಉಳಿದಿದೆ ಎಂಬುದು ಓಡಿಸುವವರ ಅರಿವಿಗೆ ಬರುತ್ತದೆ. ಹೆದ್ದಾರಿಯ ವೇಗಕ್ಕೆ, ಟ್ರ್ಯಾಕಿಗೆ ಎಸ್ ಸರಿ. 2022ರ ಎ110 ಆರ್ ಇನ್ನೂ ಮುಂದೆ ಹೋಗಿ ಕಾರ್ಬನ್ ಚಕ್ರ, ಕೈಯಿಂದ ಹೊಂದಿಸುವ ಶಾಕ್ ಕೊಟ್ಟಿತು. ಅದು ಟ್ರ್ಯಾಕಿಗೆಂದೇ ಹೋಗುವವರ ಕಾರು.

911 ಜಿಟಿ3 ದಿನಾ ಓಡಿಸಬಹುದಾ? ಜಿಟಿ3 ಆರ್‌ಎಸ್‌ಗೂ ಅದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?

992 ಎಂಬ ಸಂಕೇತದ ಪೀಳಿಗೆಯ ಜಿಟಿ3ಯಲ್ಲಿ 911ರ ರಸ್ತೆ ಕಾರಿಗೆ ಮೊದಲ ಸಲ ಮುಂದೆ ಸ್ಟ್ರಟ್ ಬದಲು ಡಬಲ್ ವಿಷ್‌ಬೋನ್ ಬಂತು. ಕಾರು ವಾಲಿದಾಗಲೂ ಮುಂದಿನ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರಲು ಇದು ದೊಡ್ಡ ನೆರವು. 510 ಅಶ್ವಶಕ್ತಿಯ 4.0 ಲೀಟರ್ ಎಂಜಿನ್ ನಿಮಿಷಕ್ಕೆ 9000 ಸುತ್ತಿನವರೆಗೆ ಹೋಗುತ್ತದೆ. ಬಿರುಸಾದ ಕಾರು, ಆದರೆ ನುಣುಪು ರಸ್ತೆಯಿದ್ದರೆ ದಿನಾ ಓಡಿಸುವವರು ಇದ್ದಾರೆ. ರೆಕ್ಕೆ ಬೇಡವೆಂದರೆ ಅದೇ ಎಂಜಿನ್, ಅದೇ ಚಾಸಿಯ ಟೂರಿಂಗ್ ಇದೆ.

ಆರ್‌ಎಸ್ ಬೇರೆಯೇ ಜಾತಿ. ಶಕ್ತಿ 525, ಅಂದರೆ ಹದಿನೈದೇ ಹೆಚ್ಚು. ಆದರೆ ಗಂಟೆಗೆ 285 ಕಿ.ಮೀ. ವೇಗದಲ್ಲಿ ಗಾಳಿ ಅದನ್ನು 860 ಕೆ.ಜಿ. ಭಾರದಿಂದ ನೆಲಕ್ಕೊತ್ತುತ್ತದೆ. ಶಾಕ್‌ನ ಕಂಪ್ರೆಷನ್ (ಕುಗ್ಗುವಾಗಿನ ತಡೆ), ರಿಬೌಂಡ್ (ಹಿಗ್ಗುವಾಗಿನ ತಡೆ) ಎರಡನ್ನೂ ಸ್ಟೇರಿಂಗ್ ಮೇಲಿನ ಗುಂಡಿಗಳಿಂದ ಓಡಿಸುತ್ತಲೇ ತಿರುಗಿಸಬಹುದು. ಮುಂದಿನ ಡಿಕ್ಕಿ ಇಲ್ಲ, ಆ ಜಾಗ ರೇಡಿಯೇಟರ್ ಪಾಲಾಗಿದೆ. ಆ ವೇಗ ಮುಟ್ಟುವ ಟ್ರ್ಯಾಕಿಗೆ ಮತ್ತೆ ಮತ್ತೆ ಹೋಗದವರು ಆರ್‌ಎಸ್ ಕೊಂಡರೆ ಕೊಟ್ಟ ಹಣದ ಬಹುಪಾಲು ರೆಕ್ಕೆಯ ಮೇಲೆ ನಿಂತೇ ಇರುತ್ತದೆ.

ಕೆಳಗಿನ ಆವೃತ್ತಿ ತಗೊಂಡು ಉಳಿದ ದುಡ್ಡಲ್ಲಿ ಸಸ್ಪೆನ್ಷನ್ ಹಾಕಿಸೋದಾ, ಇಲ್ಲಾ ಮೇಲಿನ ಆವೃತ್ತಿನೇ ತಗೊಳ್ಳೋದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಸಿಗುವುದು ಆಮೇಲೆ ಏನನ್ನು ಸುಲಭವಾಗಿ ಸೇರಿಸಬಹುದು, ಏನನ್ನು ಆಗುವುದಿಲ್ಲ ಎಂದು ವಿಂಗಡಿಸಿದಾಗ.

ಶಾಕ್, ಸ್ಪ್ರಿಂಗ್, ಬಾರ್, ಟೈರು, ಬ್ರೇಕ್ ಪ್ಯಾಡ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಬೇಡವಾದರೆ ಹಳೆಯದನ್ನೇ ಮತ್ತೆ ಹಾಕಬಹುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವಂಥದ್ದು), ದೊಡ್ಡ ಬ್ರೇಕ್ ಕ್ಯಾಲಿಪರ್ (ಪ್ಯಾಡ್ ಒತ್ತುವ ಹಿಡಿಕೆ), ಹೆಚ್ಚುವರಿ ಆಯಿಲ್ ಕೂಲರ್ ಸೇರಿಸಬಹುದಾದರೂ ಬಿಚ್ಚಿ ಜೋಡಿಸುವ ಕೂಲಿಯೇ ದುಬಾರಿ. ಅಗಲವಾದ ಬಾಡಿ, ಬೇರೆ ವಿನ್ಯಾಸದ ಸಸ್ಪೆನ್ಷನ್, ಅದಕ್ಕೆಂದೇ ಬರೆದ ಎಬಿಎಸ್ ಮತ್ತು ಸ್ಥಿರತೆ ನಿಯಂತ್ರಣದ ಸಾಫ್ಟ್‌ವೇರ್ ಮನೆಯಂಗಳದಲ್ಲಿ ಆಗುವ ಕೆಲಸವಲ್ಲ.

ಶೆವ್ರೊಲೆ ಕಾರ್ವೆಟ್ ಸಿ8ನ ಝಡ್51 ಪ್ಯಾಕೇಜನ್ನು ನೋಡಿ. ದೊಡ್ಡ ಬ್ರೇಕು, ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್, ಹೆಚ್ಚುವರಿ ತಂಪು ವ್ಯವಸ್ಥೆ, ಗಟ್ಟಿ ಸಸ್ಪೆನ್ಷನ್ ಒಟ್ಟಿಗೇ ಬರುತ್ತವೆ. ಇದನ್ನೆಲ್ಲ ಬಿಡಿಬಿಡಿಯಾಗಿ ಕೊಂಡು ಜೋಡಿಸುವುದು ಮೂರ್ಖತನ, ಕಾರು ಕೊಳ್ಳುವಾಗಲೇ ಟಿಕ್ ಹಾಕಬೇಕು. ಮಾಜ್ದಾ ಎಂಎಕ್ಸ್-5ನಲ್ಲಿ ಲೆಕ್ಕ ಬೇರೆ. ಅಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಲಿಮಿಟೆಡ್ ಸ್ಲಿಪ್ ಇದೆಯೇ ಎಂದು. ಅದಿದ್ದರೆ ಉಳಿದದ್ದನ್ನು ನಿಮ್ಮ ರುಚಿಗೆ ತಕ್ಕಂತೆ ಆಮೇಲೆ ಮಾಡಿಕೊಳ್ಳಬಹುದು, ಕಾರ್ಖಾನೆಯ ಶಾಕ್‌ಗೇ ಹೆಚ್ಚು ಹಣ ತೆರಬೇಕಿಲ್ಲ.

ಎರಡು ಆವೃತ್ತಿಗಳ ನಡುವೆ ಶಾಕ್, ಸ್ಪ್ರಿಂಗ್ ಮಾತ್ರ ವ್ಯತ್ಯಾಸವಿದ್ದರೆ ಕೆಳಗಿನದ್ದು. ಡಿಫರೆನ್ಷಿಯಲ್, ತಂಪು ವ್ಯವಸ್ಥೆ, ಬ್ರೇಕ್ ಕೂಡ ಸೇರಿದ್ದರೆ ಮೇಲಿನದ್ದು. ಕಾರಿನ ವಾರಂಟಿ, ವಿಮೆ, ನಿಮ್ಮಲ್ಲಿನ ವಾಹನ ನಿಯಮ ಇವುಗಳನ್ನೂ ಬದಲಾವಣೆಗೆ ಮುನ್ನ ಓದಿಕೊಳ್ಳಿ. ಕಾರ್ಖಾನೆಯಿಂದಲೇ ಬಂದ ಭಾಗಕ್ಕೆ ಈ ತಕರಾರು ಏಳುವುದಿಲ್ಲ.

ಎಲೆಕ್ಟ್ರಾನಿಕ್ ಶಾಕ್ ಇರೋ ಕಾರು ತಗೊಂಡ್ರೆ ರಸ್ತೆಗೂ ಟ್ರ್ಯಾಕಿಗೂ ಒಂದರಲ್ಲೇ ಆಗುತ್ತಾ?

ಹತ್ತಿರ ಹತ್ತಿರ ಆಗುತ್ತದೆ. ಇವು ಎರಡು ಬಗೆ. ಒಂದರಲ್ಲಿ ಎಣ್ಣೆ ಹರಿಯುವ ಕಿಂಡಿಯನ್ನು ವಿದ್ಯುತ್ ವಾಲ್ವ್ ಹಿಗ್ಗಿಸಿ ಕುಗ್ಗಿಸುತ್ತದೆ. ಇನ್ನೊಂದರಲ್ಲಿ ಕಬ್ಬಿಣದ ಸೂಕ್ಷ್ಮ ಕಣ ತುಂಬಿದ ದ್ರವವಿದ್ದು, ಅಯಸ್ಕಾಂತ ಕ್ಷೇತ್ರ ಕೊಟ್ಟ ಕೂಡಲೇ ಮಿಲಿಸೆಕೆಂಡುಗಳಲ್ಲಿ ಹರಿಯುವ ಗುಣ ಬದಲಾಗುತ್ತದೆ. ಈ ಎರಡನೆಯದು ಮ್ಯಾಗ್ನರೈಡ್ ಹೆಸರಿನಲ್ಲಿ 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ ಮೊದಲು ಬಂತು, ಆಮೇಲೆ ಕಾರ್ವೆಟ್, ಮಸ್ಟ್ಯಾಂಗ್, ಫೆರಾರಿಗಳವರೆಗೆ ಹರಡಿತು.

ಮಿತಿ ಎಲ್ಲಿದೆ ಎಂದರೆ, ಗುಂಡಿ ಒತ್ತಿದರೆ ಬದಲಾಗುವುದು ಶಾಕ್ ಮಾತ್ರ, ಸ್ಪ್ರಿಂಗ್ ಅದೇ ಇರುತ್ತದೆ. ಟ್ರ್ಯಾಕ್ ಮೋಡ್‌ನಲ್ಲಿ ಕಾರು ಚುರುಕಾಗುತ್ತದೆ ನಿಜ, ಆದರೆ ಸ್ಪ್ರಿಂಗಿಗೆ ಬೇಕಾದ್ದಕ್ಕಿಂತ ಹೆಚ್ಚು ಬಿಗಿದ ಶಾಕ್ ಉಬ್ಬುಗಳ ಮೇಲೆ ಚಕ್ರವನ್ನು ಕುಣಿಸುತ್ತದೆ. ಎಷ್ಟೋ ಟ್ರ್ಯಾಕುಗಳಲ್ಲಿ ನಡುವಿನ ಮೋಡ್ ಅತಿ ಗಟ್ಟಿ ಮೋಡ್‌ಗಿಂತ ವೇಗವಾಗಿರುತ್ತದೆ, ಗಡಿಯಾರ ಹಿಡಿದು ನೋಡಿ. ಇಂಥ ಶಾಕ್ ತೆಗೆದು ಸಾದಾ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಒಂದೇ ಜೋಡಣೆಯಲ್ಲಿರುವ, ಸಾಮಾನ್ಯವಾಗಿ ಎತ್ತರ ಹೊಂದಿಸಬಹುದಾದ ಕಿಟ್) ಹಾಕಿದರೆ ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆ ದೀಪ. ಅದನ್ನು ತಣಿಸುವ ಮಾಡ್ಯೂಲ್ ಕಿಟ್‌ನ ಜೊತೆಗೇ ಬರುತ್ತದೆಯೇ ಎಂದು ಕೇಳಿಕೊಳ್ಳಿ.

## ಬದಲಾಯಿಸಲು ಹೊರಟಾಗ

ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿದ್ರೆ ಸಾಕಾಗಲ್ವಾ? ಖರ್ಚೂ ಕಡಿಮೆ.

ನೋಟಕ್ಕೆ ಸಾಕು. ಓಟಕ್ಕೆ ಸಾಲದು. ಮೇಲೆ ಹೇಳಿದ 1300 ಕೆ.ಜಿ. ಕಾರನ್ನು 25 ಮಿ.ಮೀ. ತಗ್ಗಿಸಿದರೆ ಗುರುತ್ವ ಕೇಂದ್ರದ ಎತ್ತರ ಶೇ. 5ರಷ್ಟು ಇಳಿಯುತ್ತದೆ, 433ರಲ್ಲಿ ಸುಮಾರು 22 ಕೆ.ಜಿ. ಉಳಿತಾಯ. ಲಾಭವೇ, ಆದರೆ ಅದಕ್ಕಾಗಿ ಚಕ್ರ ಮೇಲೇಳುವ ದಾರಿಯಲ್ಲಿ 25 ಮಿ.ಮೀ. ಕಳೆದುಕೊಂಡಿರಿ. ಮೊದಲೇ ಕಡಿಮೆಯಿದ್ದ ದಾರಿ ಇದು. ಉಬ್ಬು ಬಂದಾಗ ಶಾಕ್ ತನ್ನ ದಾರಿಯ ಕೊನೆಯಲ್ಲಿರುವ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ, ಆ ಕ್ಷಣಕ್ಕೆ ಸ್ಪ್ರಿಂಗ್ ಹಲವು ಪಟ್ಟು ಗಟ್ಟಿಯಾದಂತೆ. ತಿರುವಿನ ನಡುವೆ ಹಿಂದಿನ ಚಕ್ರಕ್ಕೆ ಹಾಗಾದರೆ ಕಾರು ಹೇಳದೆ ಕೇಳದೆ ಹೊರಳುತ್ತದೆ.

ತಗ್ಗಿಸಲೇಬೇಕೆಂದರೆ ಸ್ಪ್ರಿಂಗಿನ ಜೊತೆ ಅದಕ್ಕೆ ಹೊಂದುವ ಗಿಡ್ಡ ಶಾಕ್ ಬೇಕು. ಬಿಲ್‌ಸ್ಟೈನ್ ಇದಕ್ಕೆಂದೇ ಎರಡು ಸಾಲು ಇಟ್ಟಿದೆ: ಮೂಲ ಎತ್ತರದ ಸ್ಪ್ರಿಂಗಿಗೆ ಬಿ6, ತಗ್ಗಿಸಿದ ಸ್ಪ್ರಿಂಗಿಗೆ ಬಿ8. ರಸ್ತೆಯಲ್ಲೇ ಹೆಚ್ಚು ಓಡಿಸುವ ಎಷ್ಟೋ ಜನಕ್ಕೆ ಮೂಲ ಸ್ಪ್ರಿಂಗ್ ಉಳಿಸಿಕೊಂಡು ಒಳ್ಳೆಯ ಶಾಕ್ ಹಾಕುವುದೇ ಅತ್ಯುತ್ತಮ ಬದಲಾವಣೆ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ ಎಂಬುದೊಂದೇ ಅದರ ದೋಷ.

ಹೊಸ ಕಾರುಗಳಲ್ಲಿ ರೇಡಾರ್, ಕ್ಯಾಮೆರಾ, ಹೆಡ್‌ಲೈಟ್‌ಗಳ ಕೋನ ಎತ್ತರದ ಮೇಲೆ ನಿಂತಿರುತ್ತದೆ. ತಗ್ಗಿಸಿದ ಮೇಲೆ ಅವನ್ನೂ ಹೊಂದಿಸಬೇಕು.

ಕಾಯಿಲೋವರ್ ನೋಡ್ತಿದ್ದೀನಿ. ಒಬ್ಬರು 32 ಕ್ಲಿಕ್ ಅಂತಾರೆ, ಇನ್ನೊಬ್ಬರು 20. ಹೆಚ್ಚು ಕ್ಲಿಕ್ ಇದ್ದರೆ ಒಳ್ಳೇದಾ?

ಕ್ಲಿಕ್ (ಶಾಕ್‌ನ ಬಿಗಿ ಹೊಂದಿಸುವ ತಿರುಪಿನ ಒಂದೊಂದು ಹಂತ) ಎಣಿಸಿ ಶಾಕ್ ಕೊಳ್ಳಬೇಡಿ. ಅಗ್ಗದ ಕಿಟ್‌ಗಳಲ್ಲಿ ಮೊದಲ ಹತ್ತು ಕ್ಲಿಕ್ ಏನೂ ಮಾಡುವುದಿಲ್ಲ, ಕೊನೆಯ ನಾಲ್ಕರಲ್ಲಿ ಎಲ್ಲ ಒಟ್ಟಿಗೆ ಬಿಗಿಯುತ್ತದೆ. ಎಡ ಬಲ ಶಾಕ್‌ಗಳು ಒಂದೇ ಕ್ಲಿಕ್‌ನಲ್ಲಿ ಒಂದೇ ಬಲ ಕೊಡದಿರುವುದೂ ಉಂಟು. ತಯಾರಕರ ಬಳಿ ಶಾಕ್ ಡೈನೋ ಗ್ರಾಫ್ (ಯಂತ್ರದಲ್ಲಿ ಅಳೆದ ಶಾಕ್ ಬಲದ ನಕ್ಷೆ) ಇದೆಯೇ ಕೇಳಿ. ಇದ್ದರೆ ಪ್ರತಿ ಕ್ಲಿಕ್‌ಗೆ ಎಷ್ಟು ಬಲ ಬದಲಾಗುತ್ತದೆ ಎಂಬುದು ಗೆರೆಗಳಲ್ಲೇ ಕಾಣುತ್ತದೆ.

ಒಳರಚನೆ ಮುಖ್ಯ. ಮಾನೋಟ್ಯೂಬ್‌ನಲ್ಲಿ ಎಣ್ಣೆಯನ್ನೂ ಹೆಚ್ಚಿನ ಒತ್ತಡದ ನೈಟ್ರೋಜನ್ನನ್ನೂ ತೇಲುವ ಪಿಸ್ಟನ್ ಬೇರ್ಪಡಿಸುತ್ತದೆ. ಬಿಸಿ ಬೇಗ ಹೊರಹೋಗುತ್ತದೆ, ಎಣ್ಣೆಯಲ್ಲಿ ನೊರೆಯೇಳುವುದಿಲ್ಲ, ಆದ್ದರಿಂದ ಸತತ ಸುತ್ತುಗಳಿಗೆ ಒಳ್ಳೆಯದು. ಟ್ವಿನ್‌ಟ್ಯೂಬ್‌ನಲ್ಲಿ ಒಂದರೊಳಗೊಂದು ಕೊಳವೆ. ಹೊರಗೋಡೆಗೆ ಕಲ್ಲು ಬಡಿದು ತಗ್ಗಾದರೂ ಒಳಗಿನ ಪಿಸ್ಟನ್ ಕೆಲಸ ಮಾಡುತ್ತದೆ, ರಸ್ತೆಗೆ ಮೃದು. ಕೆಡಬ್ಲ್ಯು ವೇರಿಯಂಟ್ 3ರಂಥ ಕಿಟ್‌ಗಳಲ್ಲಿ ಕಂಪ್ರೆಷನ್, ರಿಬೌಂಡ್ ಬೇರೆ ಬೇರೆ ಹೊಂದಿಸಬಹುದು. ಹೊಂದಿಸಲು ತಾಳ್ಮೆ ಇಲ್ಲದವರಿಗೆ ಒಂದೇ ತಿರುಪಿನ, ಒಳಗಿನ ವಾಲ್ವ್ ಚೆನ್ನಾಗಿರುವ ಶಾಕ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಗಮನಿಸಿ. ಎತ್ತರ ಬದಲಾಯಿಸಲು ಸ್ಪ್ರಿಂಗ್ ತಳದ ರಿಂಗ್ ಇಳಿಸಬೇಕಾದ ಕಿಟ್‌ನಲ್ಲಿ ಶಾಕ್‌ನ ದಾರಿಯೂ ಕಡಿಮೆಯಾಗುತ್ತದೆ. ಶಾಕ್‌ನ ಕೆಳಗಿನ ಭಾಗವೇ ಉದ್ದ ಗಿಡ್ಡವಾಗುವ ಕಿಟ್‌ನಲ್ಲಿ ಹಾಗಾಗುವುದಿಲ್ಲ.

ತಿರುವಿನಲ್ಲಿ ಕಾರಿನ ಮೂತಿ ಹೊರಗೆ ಎಳೆಯುತ್ತೆ. ಹಿಂದೆ ದಪ್ಪ ಆಂಟಿ-ರೋಲ್ ಬಾರ್ ಹಾಕಿದ್ರೆ ಸರಿ ಹೋಗುತ್ತಾ?

ಹೋಗಬಹುದು. ಒಟ್ಟು ಸರಿಯುವ ತೂಕ ಬದಲಾಗದಿದ್ದರೂ ಅದನ್ನು ಮುಂದಿನ ಜೋಡಿ ಎಷ್ಟು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂದು ಹಂಚುವುದು ಬಾರ್ ಮತ್ತು ಸ್ಪ್ರಿಂಗ್. ಹಿಂದೆ ಗಡುಸಾದರೆ ಹಿಂದಿನ ಹೊರಚಕ್ರಕ್ಕೆ ಹೆಚ್ಚು ಹೊರೆ, ಅಲ್ಲಿ ಹಿಡಿತ ಇಳಿಯುತ್ತದೆ, ಮುಂದೆ ಉಳಿಯುತ್ತದೆ. ಅಂಡರ್‌ಸ್ಟಿಯರ್, ಅಂದರೆ ಮೂತಿ ಹೊರಗೆಳೆಯುವುದು, ಕಡಿಮೆ.

ಆದರೆ ಬಾರ್‌ನ ಗಡಸುತನ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಬದಲು 22 ಹಾಕಿದರೆ ಶೇ. 46 ಹೆಚ್ಚು, 24 ಹಾಕಿದರೆ ಎರಡು ಪಟ್ಟಿಗೂ ಮೀರಿ. ‘ಸ್ವಲ್ಪ ದಪ್ಪ’ ಎಂದು ತಂದದ್ದು ಮಳೆಯಲ್ಲಿ ಹಿಂಬದಿಯನ್ನು ಎಸೆದೀತು. ಬಾರ್ ಎಡ ಬಲ ಚಕ್ರಗಳನ್ನು ಕಟ್ಟಿಹಾಕುವುದರಿಂದ ಒಂದು ಬದಿಯ ಗುಂಡಿಯ ಹೊಡೆತ ಇನ್ನೊಂದು ಬದಿಗೂ ಮುಟ್ಟುತ್ತದೆ. ಎರಡು ಮೂರು ತೂತಿನ, ಹೊಂದಿಸಬಹುದಾದ ಬಾರ್ ಕೊಂಡು ಅತಿ ಮೆತ್ತನೆ ತೂತಿನಿಂದ ಶುರುಮಾಡಿ.

ಅದಕ್ಕೂ ಮುಂಚೆ ಮುಂದಿನ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಒಳಕ್ಕಾದರೆ ಮೈನಸ್) ನೋಡಿಸಿ. ಸ್ಟ್ರಟ್ ಇರುವ ಕಾರುಗಳಲ್ಲಿ ಮೂತಿ ಎಳೆಯಲು ಬಹಳ ಸಲ ಕಾರಣ ಅದೇ. ಅಂಥ ಕಾರುಗಳಲ್ಲಿ ಮುಂದಿನ ಬಾರ್ ಗಡುಸು ಮಾಡಿದರೂ ಅಂಡರ್‌ಸ್ಟಿಯರ್ ಕಡಿಮೆಯಾಗುವುದುಂಟು, ಯಾಕೆಂದರೆ ಕಾರು ಕಡಿಮೆ ವಾಲಿ ಟೈರು ನೆಟ್ಟಗೆ ಕೂರುತ್ತದೆ. ಪುಸ್ತಕದ ಸೂತ್ರಕ್ಕೆ ಇದು ಉಲ್ಟಾ!

ಪಾಲಿಯುರೆಥೇನ್ ಬುಷ್ ಹಾಕಿಸಬೇಕಾ?

ಒಂದೇ ಅಕ್ಷದಲ್ಲಿ ತಿರುಗುವ ಜಾಗಕ್ಕೆ ಸರಿ. ಹಲವು ದಿಕ್ಕಿಗೆ ಬಾಗಬೇಕಾದ ಮಲ್ಟಿಲಿಂಕ್ (ಹಲವು ತೋಳುಗಳ ಸಸ್ಪೆನ್ಷನ್) ಕೀಲುಗಳಲ್ಲಿ ಅದು ಬಿಗಿದುಕೊಂಡು ಸಸ್ಪೆನ್ಷನ್ ಸರಾಗವಾಗಿ ಚಲಿಸಲು ಬಿಡುವುದಿಲ್ಲ. ಗ್ರೀಸ್ ಆರಿದರೆ ಕಿರುಗುಟ್ಟುತ್ತದೆ. ಹಳೆ ಕಾರಿಗೆ ಹೊಸ ಮೂಲ ರಬ್ಬರ್ ಬುಷ್ ಹಾಕಿದರೇ ಅರ್ಧ ಯೌವನ ಮರಳುತ್ತದೆ.

ಸ್ಟ್ರಟ್ ಬ್ರೇಸ್?

ಎರಡು ಸ್ಟ್ರಟ್‌ಗಳ ತಲೆ ಜೋಡಿಸುವ ಆ ಸರಳು ಎಂಜಿನ್ ಕೋಣೆಗೆ ಅಂದ. ಈಗಿನ ಗಟ್ಟಿ ಬಾಡಿಯ ಕಾರಿಗೆ ಅದರಿಂದ ಟ್ರ್ಯಾಕಿನ ಸುತ್ತಿನಲ್ಲಿ ಸಮಯ ಉಳಿಯುವುದು ಅಪರೂಪ.

ಕ್ಯಾಂಬರ್, ಟೋ ಎಷ್ಟಿಟ್ಟರೆ ಒಳ್ಳೇದು? ಅಂಕಿ ಹೇಳಿ ಸಾಕು.

ಶುರುಮಾಡಲು: ರಸ್ತೆಗೆ ಮುಂದೆ ಮೈನಸ್ 1ರಿಂದ 1.5 ಡಿಗ್ರಿ ಕ್ಯಾಂಬರ್. ಟ್ರ್ಯಾಕಿಗೆ ಮೈನಸ್ 2.5ರಿಂದ 3.5, ಹಿಂದೆ ಅದಕ್ಕಿಂತ ಅರ್ಧ ಅಥವಾ ಒಂದು ಡಿಗ್ರಿ ಕಡಿಮೆ. ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ, ಹಿಂದೆ ತುಸು ಒಳಕ್ಕೆ.

ಕ್ಯಾಂಬರ್ ಟೈರು ತಿನ್ನುತ್ತದೆ ಎಂದು ಹೆದರುವವರು ಟೋ ಮರೆಯುತ್ತಾರೆ. ಟೈರನ್ನು ನಿಜಕ್ಕೂ ಬೇಗ ಸವೆಸುವುದು ತಪ್ಪಿದ ಟೋ. ಟ್ರ್ಯಾಕಿನಿಂದ ಬಂದ ಕೂಡಲೇ ಟೈರಿನ ಒಳ, ನಡು, ಹೊರ ಅಂಚುಗಳ ಬಿಸಿಯನ್ನು ಸೂಜಿ ಮೊನೆಯ ಪೈರೋಮೀಟರ್‌ನಿಂದ ಅಳೆಯಿರಿ. ಹೊರ ಅಂಚು ಹೆಚ್ಚು ಸುಡುತ್ತಿದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ತುಸು ಹೆಚ್ಚಿರುವುದು ಸಹಜ. ನಡು ಮಾತ್ರ ಸುಡುತ್ತಿದ್ದರೆ ಗಾಳಿ ಹೆಚ್ಚಾಗಿದೆ.

## ಇನ್ನೂ ಆಳಕ್ಕೆ

ನನ್ನ ಗೆಳೆಯನ ಕಾರಿಗೂ ನನ್ನ ಕಾರಿಗೂ 8 ಕೆ.ಜಿ. ಸ್ಪ್ರಿಂಗೇ. ಅವನದ್ದು ಹಾಯಾಗಿದೆ, ನನ್ನದು ಎತ್ತಿ ಹಾಕುತ್ತೆ. ಯಾಕೆ?

8 ಕೆ.ಜಿ. ಎಂದರೆ ಸ್ಪ್ರಿಂಗನ್ನು ಒಂದು ಮಿ.ಮೀ. ಒತ್ತಲು ಬೇಕಾದ ಭಾರ. ನ್ಯೂಟನ್ ಲೆಕ್ಕದಲ್ಲಿ ಮಿ.ಮೀ.ಗೆ ಸುಮಾರು 78. ಚಕ್ರಕ್ಕೆ ತಟ್ಟುವ ಗಡಸುತನ ಇದಲ್ಲ. ಚಕ್ರ ಒಂದು ಮಿ.ಮೀ. ಸರಿದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬ ಅನುಪಾತವನ್ನು ವರ್ಗ ಮಾಡಿ ಗುಣಿಸಬೇಕು. ಸ್ಟ್ರಟ್‌ನಲ್ಲಿ ಅನುಪಾತ 0.95ರ ಆಸುಪಾಸು, ಹಾಗಾಗಿ ಚಕ್ರದಲ್ಲಿ ಸುಮಾರು 70. ಸ್ಪ್ರಿಂಗ್ ತೋಳಿನ ನಡುವೆ ಕೂತ ಮಲ್ಟಿಲಿಂಕ್‌ನಲ್ಲಿ 0.7 ಇದ್ದರೆ 38. ಒಂದೇ ಸ್ಪ್ರಿಂಗ್, ಚಕ್ರದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ.

ಆಮೇಲೆ ತೂಕ. ಹೋಲಿಸಲು ಸರಿಯಾದ ಅಳತೆ ಎಂದರೆ ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು. ಚಕ್ರದ ಗಡಸುತನವನ್ನು ಮೀಟರಿಗೆ ನ್ಯೂಟನ್ ಲೆಕ್ಕಕ್ಕೆ ತಂದು, ಆ ಮೂಲೆಯ ಮೇಲಿರುವ ಕೆ.ಜಿ.ಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. 300 ಕೆ.ಜಿ. ಮೂಲೆಗೆ ಮಿ.ಮೀ.ಗೆ 30 ನ್ಯೂಟನ್ (ಮೀಟರಿಗೆ 30,000) ಇದ್ದರೆ 1.6 ಹರ್ಟ್ಝ್. 60ಕ್ಕೆ ಏರಿಸಿದರೆ 2.25. ಗಡಸುತನ ಎರಡು ಪಟ್ಟಾದರೂ ಹರ್ಟ್ಝ್ ಒಂದೂಕಾಲರಿಂದ ಒಂದೂವರೆ ಪಟ್ಟಿನೊಳಗೇ ಏರುತ್ತದೆ. ಸಾಧಾರಣ ಕಾರು 1ರಿಂದ 1.5, ರಸ್ತೆಯ ಸ್ಪೋರ್ಟ್ಸ್ ಕಾರು ಸುಮಾರು 1.5ರಿಂದ 2, ರೆಕ್ಕೆಯಿಲ್ಲದ ಟ್ರ್ಯಾಕ್ ಕಾರು 2ರಿಂದ 2.5. ಗಾಳಿಯ ಒತ್ತಡದ ರೇಸ್ ಕಾರು 3 ದಾಟುತ್ತದೆ.

ರಸ್ತೆ ಕಾರಿನಲ್ಲಿ ಹಿಂದಿನ ಹರ್ಟ್ಝ್ ಮುಂದಿನದಕ್ಕಿಂತ ತುಸು ಹೆಚ್ಚಿರಬೇಕೆಂದು ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ 1930ರ ದಶಕದಲ್ಲೇ ತೋರಿಸಿದ್ದರು. ಉಬ್ಬಿಗೆ ಮೊದಲು ಸಿಗುವುದು ಮುಂದಿನ ಚಕ್ರ. ತಡವಾಗಿ ಶುರುವಾದ ಹಿಂಬದಿಯ ತೂಗಾಟ ಬೇಗ ಬೇಗ ನಡೆದು ಮುಂದಿನದನ್ನು ಹಿಡಿದರೆ ಕಾರು ಮೂತಿ ಎತ್ತಿ ಇಳಿಸದೆ ಮಟ್ಟಸವಾಗಿ ಏರಿಳಿಯುತ್ತದೆ. ಟ್ರ್ಯಾಕಿಗೆಂದು ಇದನ್ನು ತಿರುಗಿಸಿ ಮುಂದೆ ಗಟ್ಟಿ ಮಾಡಿದ ಕಿಟ್‌ಗಳೂ ಇವೆ. ನಿಮ್ಮ ಕಾರು ಎತ್ತಿಹಾಕಲು ಅದೂ ಕಾರಣವಿರಬಹುದು.

ಕಾರು ತಗ್ಗಿಸಿದ ಮೇಲೆ ಮುಂಚೆಗಿಂತ ಜಾಸ್ತಿ ವಾಲ್ತಾ ಇದೆ. ಇದು ಹೇಗೆ ಸಾಧ್ಯ?

ಸ್ಟ್ರಟ್ ಕಾರುಗಳಲ್ಲಿ ಸಾಧ್ಯ. ಕಾರು ವಾಲುವುದು ರೋಲ್ ಸೆಂಟರ್ ಎಂಬ ಬಿಂದುವಿನ ಸುತ್ತ. ಗುರುತ್ವ ಕೇಂದ್ರಕ್ಕೂ ಅದಕ್ಕೂ ಇರುವ ಅಂತರವೇ ವಾಲಿಸುವ ಸನ್ನೆಗೋಲು. ಕಾರು 30 ಮಿ.ಮೀ. ಇಳಿದಾಗ ಗುರುತ್ವ ಕೇಂದ್ರ ಅಷ್ಟೇ ಇಳಿಯುತ್ತದೆ, ಆದರೆ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗುವುದರಿಂದ ರೋಲ್ ಸೆಂಟರ್ ಅದಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಸನ್ನೆಗೋಲು ಉದ್ದವಾಯಿತು. ಹೊಸ ಸ್ಪ್ರಿಂಗ್ ಅಷ್ಟಕ್ಕೆ ಸಾಕಾಗುವಷ್ಟು ಗಟ್ಟಿಯಿಲ್ಲದಿದ್ದರೆ ವಾಲುವುದು ಹೆಚ್ಚುತ್ತದೆ. ತೋಳು ಆ ಕೋನದಲ್ಲಿರುವಾಗ ಚಕ್ರ ಮೇಲೆದ್ದಂತೆ ಕ್ಯಾಂಬರ್ ಸಿಗುವ ಬದಲು ಕಳೆದುಹೋಗುತ್ತದೆ. ಸ್ಟೇರಿಂಗ್ ಟೈ ರಾಡ್‌ನ ಕೋನವೂ ತಪ್ಪಿ ಉಬ್ಬುಗಳ ಮೇಲೆ ಕಾರು ತಾನಾಗಿ ದಿಕ್ಕು ಬದಲಿಸುತ್ತದೆ.

ಎರಡು ದಾರಿ: ಕಾರನ್ನು 10, 15 ಮಿ.ಮೀ. ಮತ್ತೆ ಎತ್ತುವುದು, ಅಥವಾ ಉದ್ದನೆ ಕಂಬದ ಬಾಲ್ ಜಾಯಿಂಟ್ ಹಾಕಿ ತೋಳನ್ನು ಮತ್ತೆ ಮಟ್ಟಕ್ಕೆ ತಂದು, ಜೊತೆಗೆ ಟೈ ರಾಡ್ ತುದಿಯನ್ನೂ ಸರಿಪಡಿಸುವುದು. ಮೊದಲನೆಯದಕ್ಕೆ ಖರ್ಚಿಲ್ಲ.

ಕಂಪ್ರೆಷನ್, ರಿಬೌಂಡ್ ಎರಡೂ ಇದೆ. ಎಲ್ಲಿಂದ ಶುರು ಮಾಡೋದು?

ತಯಾರಕರು ಹೇಳಿದ ನಡು ಸ್ಥಿತಿಗೆ ತನ್ನಿ. ತಿರುಪನ್ನು ಪೂರ್ತಿ ಬಿಗಿದು ಅಲ್ಲಿಂದ ಹಿಂದಕ್ಕೆ ಎಣಿಸಿ. ಸಡಿಲ ತುದಿಯಿಂದ ಎಣಿಸಿದರೆ ಲೆಕ್ಕ ತಪ್ಪುವುದು ಹೆಚ್ಚು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಮೂರು ಕ್ಲಿಕ್, ಒಂದಾದರೆ ಗೊತ್ತಾಗುವುದಿಲ್ಲ.

ರಿಬೌಂಡ್ ಮೊದಲು. ಸಾಲು ಉಬ್ಬುಗಳಲ್ಲಿ ಕಾರು ಮೇಲೇಳುತ್ತ ತೇಲಿದಂತಿದ್ದರೆ ಬಿಗಿಯಿರಿ. ಅದೇ ಉಬ್ಬುಗಳಲ್ಲಿ ಕಾರು ಇಂಚಿಂಚಾಗಿ ಕುಸಿಯುತ್ತ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮುಟ್ಟಿದರೆ ರಿಬೌಂಡ್ ಅತಿಯಾಗಿದೆ, ಒಂದು ಉಬ್ಬಿನಿಂದ ಚೇತರಿಸುವ ಮುನ್ನವೇ ಇನ್ನೊಂದು ಬರುತ್ತಿದೆ. ಕಂಪ್ರೆಷನ್ ಆಮೇಲೆ. ಚೂಪು ಹೊಡೆತ ಬೆನ್ನಿಗೆ ತಾಗುತ್ತಿದ್ದರೆ, ಟ್ರ್ಯಾಕಿನ ಕರ್ಬ್ (ಅಂಚಿನ ಕಟ್ಟೆ) ಮೇಲೆ ಚಕ್ರ ಪುಟಿಯುತ್ತಿದ್ದರೆ ಸಡಿಲಿಸಿ. ಬ್ರೇಕ್ ಒತ್ತಿದಾಗ ಮೂತಿ ದಿಢೀರನೆ ಕುಸಿದರೆ ಮುಂದಿನದನ್ನು ತುಸು ಬಿಗಿಯಿರಿ. ತಿರುವಿಗೆ ಇಳಿಯುವಾಗ, ತಿರುವಿನಿಂದ ಹೊರಬರುವಾಗ ಇರುವ ತೊಂದರೆ ಶಾಕ್‌ನದ್ದು. ತಿರುವಿನ ನಡುವೆ ಸ್ಥಿರವಾಗಿ ಸಾಗುವಾಗಲೂ ತೊಂದರೆ ಇದ್ದರೆ ಶಾಕ್ ಮುಟ್ಟಬೇಡಿ. ಅಲ್ಲಿ ಶಾಕ್ ಹೆಚ್ಚು ಚಲಿಸುತ್ತಲೇ ಇಲ್ಲ, ನೋಡಬೇಕಾದದ್ದು ಬಾರ್, ಸ್ಪ್ರಿಂಗ್, ಕ್ಯಾಂಬರ್.

ಕಾರ್ನರ್ ವೇಯ್ಟ್ ಮಾಡಿಸಲೇಬೇಕಾ?

ಎತ್ತರ ಹೊಂದಿಸುವ ಕಾಯಿಲೋವರ್ ಹಾಕಿದ್ದರೆ ಹೌದು. ಕಾಲು ಗಿಡ್ಡವಾದ ಮೇಜಿನ ಹಾಗೆ, ಒಂದು ಮೂಲೆಯ ರಿಂಗ್ ತುಸು ತಪ್ಪಿದರೂ ಭಾರ ಓರೆಯಾಗಿ ಎದುರುಬದುರಾದ ಮೂಲೆಗಳಿಗೆ ಹೋಗಿ ಕೂರುತ್ತದೆ. ಆಗ ಎಡ ತಿರುವಿನಲ್ಲಿ ಒಂದು ಸ್ವಭಾವ, ಬಲ ತಿರುವಿನಲ್ಲಿ ಇನ್ನೊಂದು. ನಾಲ್ಕು ತಕ್ಕಡಿಗಳ ಮೇಲೆ ಕಾರು ನಿಲ್ಲಿಸಿ, ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳ ಭಾರ ಕೂಡಿಸಿದರೆ ಒಟ್ಟು ತೂಕದ ಶೇ. 50ಕ್ಕೆ ಹತ್ತಿರ ಬರಬೇಕು. ಓಡಿಸುವವರ ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು, ಆಂಟಿ-ರೋಲ್ ಬಾರ್ ಲಿಂಕ್ ಬಿಚ್ಚಿ, ಗಾಳಿ ಸರಿಯಾಗಿ ತುಂಬಿ ಅಳೆಯಬೇಕು. ಅಲೈನ್‌ಮೆಂಟ್ ಇದಾದ ಮೇಲೆ.

ಒಂದೇ ಕಾರು, ವಾರವೆಲ್ಲಾ ರಸ್ತೆ, ಆಗಾಗ ಟ್ರ್ಯಾಕು. ಪ್ರತಿ ಸಲ ಏನೇನು ಬದಲಾಯಿಸಲಿ?

ನಾಲ್ಕು: ಚಕ್ರ, ಗಾಳಿ, ಕ್ಲಿಕ್, ಕ್ಯಾಂಬರ್. ಟ್ರ್ಯಾಕ್ ಟೈರು ಹಾಕಿದ ಇನ್ನೊಂದು ಜೊತೆ ಚಕ್ರ ಇಟ್ಟುಕೊಂಡರೆ ರಸ್ತೆಯ ಟೈರು ಉಳಿಯುತ್ತದೆ. ಬಿಸಿಯಾಗಿ ಆರಿದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ನೋಡಿ. ಕ್ಯಾಂಬರ್ ಪ್ಲೇಟ್ (ಸ್ಟ್ರಟ್ ತಲೆ ಸರಿಸಿ ಕ್ಯಾಂಬರ್ ಬದಲಿಸುವ ಫಲಕ) ಇದ್ದರೆ ರಸ್ತೆಗೊಂದು, ಟ್ರ್ಯಾಕಿಗೊಂದು ಗುರುತು ಕೊರೆದಿಡಿ. ಪ್ಲೇಟ್ ಸರಿಸಿದಾಗ ಟೋ ಕೂಡ ಬದಲಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಯಂತ್ರದ ಮೇಲಿರುವಾಗಲೇ ಎರಡೂ ಗುರುತಿನಲ್ಲಿ ಟೋ ಎಷ್ಟೆಂದು ಬರೆಸಿಕೊಳ್ಳಿ, ಟೈ ರಾಡನ್ನು ಎಷ್ಟು ಸುತ್ತು ತಿರುಗಿಸಬೇಕು ಎಂಬುದನ್ನೂ ಸೇರಿಸಿ.

ಎತ್ತರದ ರಿಂಗ್ ಮಾತ್ರ ಮುಟ್ಟಬೇಡಿ. ಟ್ರ್ಯಾಕಿಗೆಂದು 10 ಮಿ.ಮೀ. ಇಳಿಸಿ ಸಂಜೆ ಮತ್ತೆ ಏರಿಸಿದರೆ ಹಣ ಕೊಟ್ಟು ಮಾಡಿಸಿದ ಕಾರ್ನರ್ ವೇಯ್ಟ್, ಅಲೈನ್‌ಮೆಂಟ್ ಎರಡೂ ಒಟ್ಟಿಗೆ ಕೆಡುತ್ತವೆ.